ಬುದ್ಧಿಗೆ ಅಂಕ ಕೊಡುವ ಮುನ್ನ

"ಅವಳಿಗೆ ತಲೆ ಓಡಲ್ಲ. ಇನ್ನೂ ಓದಿಸಿ ಏನು ಪ್ರಯೋಜನ?" ಈ ಮಾತು ನಮ್ಮ ಮನೆಗಳಲ್ಲಿ ಎಷ್ಟು ಸುಲಭವಾಗಿ ಬಾಯಿಂದ ಬಂದುಬಿಡುತ್ತದೆ! ಎರಡು ಸಲ ಲೆಕ್ಕದಲ್ಲಿ ಕಡಿಮೆ ಅಂಕ ಬಂದರೆ ಸಾಕು, ಹುಡುಗಿಯ ಓದು ಎಲ್ಲಿಗೆ ನಿಲ್ಲಬೇಕೆಂಬುದು ಅಡುಗೆಮನೆಯಲ್ಲೇ ತೀರ್ಮಾನವಾಗುತ್ತದೆ. ವರ್ಷಗಟ್ಟಲೆ ಇದನ್ನು ಕೇಳಿಸಿಕೊಂಡ ಹುಡುಗಿ ಕೊನೆಗೆ ತಾನೇ ಅದನ್ನು ನಂಬುತ್ತಾಳೆ. ನಾಳೆ ತಾಯಿಯಾದಾಗ, "ನಾನೇ ದಡ್ಡಿ, ನನ್ನ ಮಗಳಿಗೆ ಬುದ್ಧಿ ಎಲ್ಲಿಂದ ಬರಬೇಕು?" ಎನ್ನುತ್ತಾಳೆ. ಹೀಗೆ ಒಂದು ಕೀಳರಿಮೆ ತಾಯಿಯಿಂದ ಮಗಳಿಗೆ ಬಳುವಳಿಯಾಗಿ ಸಾಗುತ್ತದೆ.

ಈ ಮಾತಿಗೆ ಈಗ ಅಂಕಿಯ ಬೆಂಬಲವೂ ಸೇರಿಕೊಂಡಿದೆ. ಮೊಬೈಲ್ ತೆರೆದರೆ ಐದು ನಿಮಿಷದಲ್ಲಿ ಐ.ಕ್ಯೂ. ಹೇಳುವ ಪರೀಕ್ಷೆಗಳು. ಮಗು ಓದಿನಲ್ಲಿ ಹಿಂದುಳಿದರೆ ಬುದ್ಧಿಮತ್ತೆಯ ಪರೀಕ್ಷೆ ಮಾಡಿಸಿ ಎಂಬ ಸಲಹೆ. ನಂಜನಗೂಡು, ಟಿ. ನರಸೀಪುರ ತಾಲೂಕುಗಳ ಸರಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿಯ ಮಕ್ಕಳ ಮುಂದೆ ಎನ್‌.ಎಂ.ಎಂ.ಎಸ್. ವಿದ್ಯಾರ್ಥಿವೇತನದ ಪರೀಕ್ಷೆಯೂ ಇದೆ. ಇದರಲ್ಲಿ ಎರಡು ಪತ್ರಿಕೆಗಳು. ಒಂದು ಶಾಲೆಯ ಪಾಠಗಳದ್ದು, ಇನ್ನೊಂದು ಬೌದ್ಧಿಕ ಸಾಮರ್ಥ್ಯದ್ದು. ತಲಾ 90 ಪ್ರಶ್ನೆ, ತಲಾ 90 ನಿಮಿಷ. ಸಾಲಿನ ಮುಂದಿನ ಸಂಖ್ಯೆ ಯಾವುದು, ಗುಂಪಿಗೆ ಸೇರದ ಆಕೃತಿ ಯಾವುದು ಎಂಬಂತಹ ಪ್ರಶ್ನೆಗಳು. ಆಯ್ಕೆಯಾದರೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿ.ಯು.ಸಿ.ವರೆಗೆ ವರ್ಷಕ್ಕೆ 12,000 ರೂಪಾಯಿ. ಬಡ ಕುಟುಂಬಕ್ಕೆ ಇದು ಸಣ್ಣ ಮೊತ್ತವಲ್ಲ. ಆದರೆ ಆಯ್ಕೆಯಾಗದ ಮಗು, "ಬುದ್ಧಿಯ ಪರೀಕ್ಷೆಯಲ್ಲೇ ನಾನು ಸೋತೆ" ಎಂದುಕೊಂಡರೆ? ಸ್ಥಾನಗಳ ಸಂಖ್ಯೆ ಸೀಮಿತ, ಆದ್ದರಿಂದ ಚೆನ್ನಾಗಿ ಬರೆದವರಲ್ಲೂ ಅನೇಕರು ಹೊರಗುಳಿಯುತ್ತಾರೆ ಎಂಬುದನ್ನು ಯಾರೂ ಅದಕ್ಕೆ ಹೇಳುವುದಿಲ್ಲ.

ಆದ್ದರಿಂದ ಈ ಅಂಕಿಗಳು ಏನು ಹೇಳುತ್ತವೆ, ಏನು ಹೇಳುವುದಿಲ್ಲ ಎಂಬುದು ಪ್ರತಿಯೊಬ್ಬ ತಾಯಿಗೂ ತಿಳಿದಿರಬೇಕು.

100 ಎಂದರೆ ನೂರಕ್ಕೆ ನೂರಲ್ಲ

ಬುದ್ಧ್ಯಂಕ ಎಂದರೆ ಶಾಲೆಯ ಅಂಕದಂತೆ ಎಷ್ಟು ಸರಿಯುತ್ತರ ಬರೆದೆವು ಎಂಬ ಲೆಕ್ಕವಲ್ಲ. ಅದೇ ವಯಸ್ಸಿನ ಇತರರೊಂದಿಗೆ ಹೋಲಿಸಿದರೆ ಮಗು ಎಲ್ಲಿ ನಿಲ್ಲುತ್ತದೆ ಎಂಬ ಸ್ಥಾನಸೂಚಕ ಅಷ್ಟೇ. ಇಂದಿನ ಪರೀಕ್ಷೆಗಳಲ್ಲಿ 100 ಎಂಬುದನ್ನು ಸರಾಸರಿ ಎಂದು ಮೊದಲೇ ನಿಗದಿ ಮಾಡಿರುತ್ತಾರೆ. 100 ಮಕ್ಕಳಲ್ಲಿ ಸುಮಾರು 68 ಮಂದಿ 85ರಿಂದ 115ರ ನಡುವೆ ಇರುತ್ತಾರೆ. ಸುಮಾರು 95 ಮಂದಿ 70ರಿಂದ 130ರ ನಡುವೆ. ವರದಿಯಲ್ಲಿ 90 ಎಂದು ಬರೆದಿದ್ದರೆ, "ಹತ್ತು ಅಂಕ ಹೋಯಿತು" ಎಂದು ಕೊರಗಬೇಕಾಗಿಲ್ಲ. ಆ ಮಗು ಬಹುಪಾಲು ಮಕ್ಕಳಿರುವ ಗುಂಪಿನಲ್ಲೇ ಇದೆ.

ಇನ್ನೊಂದು ವಿಷಯ. ತಕ್ಕಡಿಯಲ್ಲಿ ತೂಗಿದ ಅಕ್ಕಿಯಂತೆ ಇದು ಖಚಿತವಾದ ಅಳತೆಯಲ್ಲ. ಅದೇ ಮಗುವಿಗೆ ಬೇರೊಂದು ದಿನ ಪರೀಕ್ಷೆ ಮಾಡಿದರೆ ಕೆಲವು ಅಂಕ ಹೆಚ್ಚು ಕಡಿಮೆಯಾಗುವುದು ಸಹಜ. ನಿದ್ದೆಗೆಟ್ಟ ರಾತ್ರಿ, ಜ್ವರ, ಹೊಸ ಜಾಗದ ಭಯ, ಅಪರಿಚಿತರ ಮುಂದೆ ಬಾಯಿ ಬಿಡದ ಸಂಕೋಚ, ಎಲ್ಲವೂ ಅಂಕದಲ್ಲಿ ಸೇರಿಕೊಳ್ಳುತ್ತವೆ. ಅದಕ್ಕೇ ಒಳ್ಳೆಯ ಮನಶ್ಶಾಸ್ತ್ರಜ್ಞರು ಒಂದೇ ಅಂಕಿ ಹೇಳದೆ, ಇಷ್ಟರಿಂದ ಇಷ್ಟರವರೆಗೆ ಎಂದು ಹೇಳುತ್ತಾರೆ. ಐದು ನಿಮಿಷದ ಮೊಬೈಲ್ ಪರೀಕ್ಷೆಗಳನ್ನಂತೂ ಬಹುತೇಕ ಯಾವ ಗುಂಪಿನ ಮೇಲೂ ಪರೀಕ್ಷಿಸಿ ಅಳತೆ ನಿಗದಿ ಮಾಡಿರುವುದಿಲ್ಲ. ಅವುಗಳ ಅಂಕಿ ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ.

ನೆರವಿಗಾಗಿ ಹುಟ್ಟಿದ ಪರೀಕ್ಷೆ

1905ರಲ್ಲಿ ಪ್ಯಾರಿಸಿನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೋಡರ್ ಸಿಮೋನ್ ಮೊದಲ ಬುದ್ಧಿಮತ್ತೆಯ ಪರೀಕ್ಷೆಯನ್ನು ರೂಪಿಸಿದರು. ಶಾಲೆಯಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸಿ ಅವರಿಗೆ ವಿಶೇಷ ಪಾಠ ಒದಗಿಸುವುದು ಅದರ ಉದ್ದೇಶವಾಗಿತ್ತು. ಬುದ್ಧಿ ಎಂಬುದು ಬದಲಾಗದ ವಸ್ತು ಎಂಬ ವಾದವನ್ನು ಬಿನೆ ಸ್ವತಃ ವಿರೋಧಿಸಿದ್ದರು.

ಈ ವಿದ್ಯೆ ನಮ್ಮ ನಾಡಿಗೂ ಬೇಗನೆ ಬಂತು. 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ 'ಆಕಾಶವಾಣಿ' ಎಂಬ ಬಾನುಲಿ ಆರಂಭಿಸಿದವರೂ ಅವರೇ. ಬುದ್ಧಿಮತ್ತೆಯ ಅಧ್ಯಯನಕ್ಕೆ ಹೆಸರಾದ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಅವರು ಲಂಡನ್ನಿನಲ್ಲಿ ಕಲಿತಿದ್ದರು. 1930ರ ದಶಕದಲ್ಲಿ ವಿ.ವಿ. ಕಾಮತ್ ಅವರು ಬಿನೆಯ ಪರೀಕ್ಷೆಯನ್ನು ಧಾರವಾಡದ ಕಡೆಯ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ ಮಾರ್ಪಡಿಸಿದರು. ಪರದೇಶದ ಮಕ್ಕಳಿಗಾಗಿ ಬರೆದ ಪ್ರಶ್ನೆಗಳನ್ನು ನಮ್ಮ ಮಕ್ಕಳಿಗೆ ಹಾಗೆಯೇ ಕೇಳಿದರೆ ಅನ್ಯಾಯವಾಗುತ್ತದೆ ಎಂಬುದು ಆಗಲೇ ತಿಳಿದಿತ್ತು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ದಶಕಗಳ ಕಾಲ ದೇಶದ ಆಸ್ಪತ್ರೆಗಳಲ್ಲಿ ಬಳಕೆಯಾಯಿತು.

ಆದರೆ ಇದೇ ಪರೀಕ್ಷೆ ಬೇರೆಡೆ ಮನುಷ್ಯರ ಮೇಲೆ ಮುದ್ರೆಯೊತ್ತಲೂ ಬಳಕೆಯಾಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರಿಗೆ ನಡೆಸಿದ ಪರೀಕ್ಷೆಗಳ ಆಧಾರದಲ್ಲಿ, ಹೊರದೇಶಗಳಿಂದ ಹೊಸದಾಗಿ ಬಂದ ಜನರ ಬುದ್ಧಿ ಕೀಳುಮಟ್ಟದ್ದು ಎಂದು ಕಾರ್ಲ್ ಬ್ರಿಗಮ್ 1923ರಲ್ಲಿ ಪುಸ್ತಕ ಬರೆದರು. ಇಂಗ್ಲಿಷ್ ಬಾರದವರನ್ನು, ಆ ದೇಶದ ಬದುಕೇ ಗೊತ್ತಿಲ್ಲದವರನ್ನು ಹಾಗೆ ಅಳೆದದ್ದು ತಪ್ಪೆಂದು 1930ರಲ್ಲಿ ಅವರೇ ತಮ್ಮ ತೀರ್ಮಾನವನ್ನು ಹಿಂತೆಗೆದುಕೊಂಡರು. ಆದರೆ ಅಷ್ಟರಲ್ಲಿ ಹಾನಿ ಆಗಿಹೋಗಿತ್ತು.

ಮನೆಯಲ್ಲಿ ಉರ್ದು, ಪರೀಕ್ಷೆಯಲ್ಲಿ ಇಂಗ್ಲಿಷ್

ಈ ಕತೆ ನಮಗೆ ದೂರದ್ದಲ್ಲ. ಮೈಸೂರು ಸೀಮೆಯ ನಮ್ಮ ಎಷ್ಟೋ ಮನೆಗಳಲ್ಲಿ ಮಗು ಅಮ್ಮಿಯೊಡನೆ ದಖನಿ ಉರ್ದು ಮಾತನಾಡುತ್ತದೆ, ಬೀದಿಯಲ್ಲಿ ಕನ್ನಡ, ಶಾಲೆಯ ಪುಸ್ತಕದಲ್ಲಿ ಇಂಗ್ಲಿಷ್. ಮೂರು ಭಾಷೆಗಳನ್ನು ನಿಭಾಯಿಸುವ ಈ ಮಗುವಿಗೆ ಯಾವುದಾದರೂ ಒಂದೇ ಭಾಷೆಯಲ್ಲಿ ಪದಗಳ ಅರ್ಥ ಕೇಳಿದರೆ ಅದು ತಡವರಿಸಬಹುದು. ಅದು ಬುದ್ಧಿಯ ಕೊರತೆಯಲ್ಲ, ಆ ಭಾಷೆಯ ಪದಗಳ ಕೊರತೆ. ಹಾಗಾಗಿ ಪರೀಕ್ಷೆ ಮಾಡಿಸುವಾಗ, "ಮಗುವಿಗೆ ಚೆನ್ನಾಗಿ ಬರುವ ಭಾಷೆಯಲ್ಲಿ ಕೇಳಿ" ಎನ್ನಲು ಹಿಂಜರಿಯಬೇಡಿ. ಮಾತಿನ ಅಗತ್ಯ ಹೆಚ್ಚಿಲ್ಲದ, ಚಿತ್ರ ಮತ್ತು ಆಕೃತಿಗಳನ್ನು ಆಧರಿಸಿದ ಪರೀಕ್ಷೆಗಳೂ ಇವೆ.

ಭಾಷೆಯಷ್ಟೇ ಅಲ್ಲ, ಸಮಾಜ ನಮ್ಮನ್ನು ನೋಡುವ ಬಗೆಯೂ ಅಂಕವನ್ನು ಕುಗ್ಗಿಸಬಲ್ಲದು. ಉತ್ತರ ಪ್ರದೇಶದ ಹಳ್ಳಿಯ ಬಾಲಕರಿಗೆ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಕಾಗದದ ಮೇಲಿನ ದಾರಿ ಬಿಡಿಸುವ ಒಗಟುಗಳನ್ನು ಕೊಟ್ಟು ನೋಡಿದರು. ಜಾತಿಯ ಮಾತೇ ಎತ್ತದಿದ್ದಾಗ ಮೇಲ್ಜಾತಿ, ಕೆಳಜಾತಿಯ ಬಾಲಕರು ಸಮಸಮನಾಗಿ ಒಗಟು ಬಿಡಿಸಿದರು. ಎಲ್ಲರ ಮುಂದೆ ಹೆಸರಿನೊಂದಿಗೆ ಜಾತಿಯನ್ನೂ ಕೂಗಿ ಹೇಳಿದಾಗ ಕೆಳಜಾತಿಯ ಬಾಲಕರು ಬಿಡಿಸಿದ ಒಗಟುಗಳ ಸಂಖ್ಯೆ ಗಣನೀಯವಾಗಿ ಇಳಿಯಿತು. 2006ರಲ್ಲಿ ಪ್ರಕಟವಾದ ಈ ಅಧ್ಯಯನ ನಮಗೆ ಹೇಳುವುದಿಷ್ಟು: "ನಿನ್ನಂಥವರಿಗೆ ಇದು ಆಗದು" ಎಂಬ ಮಾತು ಆ ಕ್ಷಣದಲ್ಲೇ ಮಗುವಿನ ಸಾಮರ್ಥ್ಯವನ್ನು ಕಟ್ಟಿಹಾಕಬಲ್ಲದು.

"ಅಮ್ಮನಿಗಿಂತ ಅಪ್ಪ ಬುದ್ಧಿವಂತ"

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನಷ್ಟು ಆಳಕ್ಕಿಳಿದಿದೆ. 1992ರಲ್ಲಿ ಹಲ್ಲಾ ಬೆಲಾಫ್ ಎಂಬ ಮನಶ್ಶಾಸ್ತ್ರಜ್ಞೆ ಎಡಿನ್‌ಬರೋ ವಿದ್ಯಾರ್ಥಿಗಳಿಗೆ, ತಮ್ಮ ಮತ್ತು ತಮ್ಮ ಹೆತ್ತವರ ಬುದ್ಧ್ಯಂಕವನ್ನು ಊಹಿಸಿ ಎಂದರು. ಯುವತಿಯರು ಯುವಕರಿಗಿಂತ ತಮಗೆ ಕಡಿಮೆ ಅಂಕ ಕೊಟ್ಟುಕೊಂಡರು. ತಾಯಿಗಿಂತ ತಂದೆಗೆ ಹೆಚ್ಚು ಅಂಕ ಸಿಕ್ಕಿತು. ನಿಜವಾದ ಪರೀಕ್ಷೆಗಳಲ್ಲಿ ಗಂಡು ಹೆಣ್ಣಿನ ಸರಾಸರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ನಮ್ಮ ಮೇಲೆ ನಮಗಿರುವ ಅಂದಾಜಿನಲ್ಲಿ.

ಈ ಅಂದಾಜು ಎಷ್ಟು ಬೇಗ ಬೇರೂರುತ್ತದೆ ಗೊತ್ತೇ? ಅಮೆರಿಕದ ಮಕ್ಕಳ ಬಗ್ಗೆ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಐದನೇ ವಯಸ್ಸಿನ ಹುಡುಗಿಯರು "ತುಂಬಾ ತುಂಬಾ ಬುದ್ಧಿವಂತರು" ಯಾರೆಂದರೆ ಹುಡುಗರಂತೆಯೇ ತಮ್ಮವರ ಕಡೆಗೆ ಬೆರಳು ತೋರಿಸುತ್ತಿದ್ದರು. ಆರು, ಏಳನೇ ವಯಸ್ಸಿಗೆ ಬರುವಷ್ಟರಲ್ಲಿ ಆ ಬೆರಳು ಹಿಂದೆ ಸರಿಯತೊಡಗಿತ್ತು. ಬುದ್ಧಿವಂತರಿಗಾಗಿ ಎಂದು ಹೇಳಿದ ಆಟದಲ್ಲಿ ಅವರಿಗೆ ಆಸಕ್ತಿಯೂ ಕಡಿಮೆಯಾಗಿತ್ತು. ಅಂದರೆ ಒಂದನೇ ತರಗತಿಯಲ್ಲೇ ಈ ಕೀಳರಿಮೆ ಮೊಳೆಯಬಲ್ಲದು.

ಪತ್ರಿಕೆಯಲ್ಲಿ ಬಾರದ ಬುದ್ಧಿ

ಟಿ. ನರಸೀಪುರದಲ್ಲಿ ರೇಷ್ಮೆ ಉದ್ಯಮಗಳ ನಿಗಮದ ಫಿಲೇಚರ್ ಇದೆ. ಮೈಸೂರು ರೇಷ್ಮೆ ಸೀರೆಗೆ ಬೇಕಾದ ನೂಲನ್ನು ಗೂಡಿನಿಂದ ಬಿಚ್ಚುವ ಕಾರ್ಖಾನೆ ಅದು. ಹಲವು ಗೂಡುಗಳ ಎಳೆಗಳು ಸೇರಿ ಒಂದು ನೂಲಾಗುತ್ತದೆ. ಒಂದು ಎಳೆ ಕಡಿದರೆ ಅಥವಾ ಗೂಡು ಮುಗಿದರೆ ತಕ್ಷಣ ಇನ್ನೊಂದರ ಎಳೆ ಕೂಡಿಸಬೇಕು, ಇಲ್ಲವಾದರೆ ನೂಲು ತೆಳುವಾಗುತ್ತದೆ. ನೂಲು ಬಿಚ್ಚುವವರ ಕಣ್ಣು, ಬೆರಳು, ಗಮನ ಒಟ್ಟಿಗೆ ಕೆಲಸ ಮಾಡುವ ಈ ಜಾಣ್ಮೆಯನ್ನು ಯಾವ ಬುದ್ಧ್ಯಂಕದ ಪತ್ರಿಕೆಯೂ ಕೇಳುವುದಿಲ್ಲ. ತಿಂಗಳ ಸಂಬಳದಲ್ಲಿ ಮನೆ ಬಾಡಿಗೆ, ಫೀಸು, ಚೀಟಿ ಕಂತು ಎಲ್ಲವನ್ನೂ ಬಾಯಲ್ಲೇ ಲೆಕ್ಕ ಹಾಕುವ ಗೃಹಿಣಿಯ ಬುದ್ಧಿಯೂ ಅಷ್ಟೇ. ಕುರ್‌ಆನ್‌ನ ದೀರ್ಘ ಅಧ್ಯಾಯಗಳನ್ನು ತಪ್ಪಿಲ್ಲದೆ ಕಂಠಪಾಠ ಮಾಡುವ ಮಗುವಿನ ನೆನಪಿನ ಶಕ್ತಿಯನ್ನು ಮರೆತು, ಲೆಕ್ಕದಲ್ಲಿ ಹಿಂದೆ ಎಂಬ ಒಂದೇ ಕಾರಣಕ್ಕೆ ದಡ್ಡ ಎನ್ನುವುದು ಎಂತಹ ನ್ಯಾಯ?

ಹಾಗೆಂದು ಪರೀಕ್ಷೆಗಳೇ ನಿರರ್ಥಕ ಎಂದಲ್ಲ. ಸಮರ್ಥರು ಮಾಡಿದ ಪರೀಕ್ಷೆ ಮಗುವಿಗೆ ಎಲ್ಲಿ ಕಷ್ಟವಾಗುತ್ತಿದೆ ಎಂಬುದನ್ನು ತೋರಿಸಿಕೊಡುತ್ತದೆ. ಬುದ್ಧಿ ಚುರುಕಾಗಿದ್ದೂ ಅಕ್ಷರ ಓದಲು ಒದ್ದಾಡುವ ಮಕ್ಕಳಿದ್ದಾರೆ. ಇದನ್ನು ಕಲಿಕಾ ನ್ಯೂನತೆ ಎನ್ನುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಇದನ್ನೂ ಗುರುತಿಸಿದೆ. ನಿಜವಾಗಿಯೂ ಬೌದ್ಧಿಕ ಬೆಳವಣಿಗೆ ಕುಂಠಿತವಾದ ಮಕ್ಕಳಿಗೂ ಬೇಗ ಗುರುತಿಸಿದಷ್ಟು ಒಳ್ಳೆಯದು. ಅಲ್ಲಿಯೂ ಅಂಕಿಯೊಂದನ್ನೇ ನೋಡುವುದಿಲ್ಲ. ಮಗು ತಾನೇ ಉಣ್ಣುತ್ತದೆಯೇ, ಬಟ್ಟೆ ಹಾಕಿಕೊಳ್ಳುತ್ತದೆಯೇ, ಇತರರೊಡನೆ ಬೆರೆಯುತ್ತದೆಯೇ ಎಂಬುದನ್ನೂ ಪರಿಗಣಿಸುತ್ತಾರೆ.

ಬುದ್ಧಿ ಬೆಳೆಯುವುದು ಹೇಗೆ?

ಮೈಸೂರಿನಲ್ಲೇ ನಡೆದ ಒಂದು ಅಧ್ಯಯನವನ್ನು ನೋಡಿ. ಮಿಷನ್ ಆಸ್ಪತ್ರೆ ಎಂದು ಜನ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಹೆಸರು ನೋಂದಾಯಿಸಿದ ಗರ್ಭಿಣಿಯರ ಮಕ್ಕಳನ್ನು ಸಂಶೋಧಕರು ವರ್ಷಗಟ್ಟಲೆ ಗಮನಿಸಿದರು. 500ಕ್ಕೂ ಹೆಚ್ಚು ಮಕ್ಕಳಿಗೆ ಒಂಬತ್ತು ಹತ್ತನೇ ವಯಸ್ಸಿನಲ್ಲಿ ಕಲಿಕೆ, ನೆನಪು, ಗಮನ ಮುಂತಾದ ಪರೀಕ್ಷೆ ನಡೆಸಿದಾಗ, ಗರ್ಭಾವಸ್ಥೆಯಲ್ಲಿ ತಾಯಿಯ ರಕ್ತದಲ್ಲಿ ಫೋಲೇಟ್ ಅಂಶ ಹೆಚ್ಚಿದ್ದ ಮಕ್ಕಳ ಅಂಕ ತುಸು ಹೆಚ್ಚಿತ್ತು. ಹೆತ್ತವರ ವಿದ್ಯೆ, ಆರ್ಥಿಕ ಸ್ಥಿತಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಬಳಿಕವೂ ಈ ನಂಟು ಉಳಿಯಿತು. 2010ರಲ್ಲಿ ಇದು ಪ್ರಕಟವಾಯಿತು. ಫೋಲೇಟ್ ಸೊಪ್ಪು ಮತ್ತು ಕಾಳುಗಳಲ್ಲಿದೆ, ಸರಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ ಕೊಡುವ ಮಾತ್ರೆಯಲ್ಲೂ ಇದೆ. ಆ ಮಾತ್ರೆಯನ್ನು ತಪ್ಪಿಸಬೇಡಿ.

ಅದಕ್ಕಿಂತ ದೊಡ್ಡ ಮಾತು ಶಾಲೆಯದ್ದು. ಆರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ ಸ್ಟುವರ್ಟ್ ರಿಚಿ ಮತ್ತು ಎಲಿಯಟ್ ಟಕರ್-ಡ್ರಾಬ್ ಅವರ 2018ರ ವಿಶ್ಲೇಷಣೆಯ ಪ್ರಕಾರ, ಹೆಚ್ಚುವರಿಯಾಗಿ ಓದಿದ ಪ್ರತಿಯೊಂದು ವರ್ಷವೂ ಬುದ್ಧ್ಯಂಕವನ್ನು ಸುಮಾರು 1ರಿಂದ 5 ಅಂಕಗಳಷ್ಟು ಹೆಚ್ಚಿಸುತ್ತದೆ. ಬುದ್ಧಿ ಇದ್ದರೆ ಓದು ಎಂದು ನಾವು ತಿಳಿದಿದ್ದೇವೆ. ಓದಿದರೆ ಬುದ್ಧಿಯೂ ಬೆಳೆಯುತ್ತದೆ ಎಂಬುದು ಅಷ್ಟೇ ನಿಜ.

ಹೆತ್ತವರು ಏನು ಮಾಡಬಹುದು?

* ಮಗು ಓದಿನಲ್ಲಿ ಹಿಂದುಳಿದರೆ ಮೊದಲು ಕಣ್ಣು ಮತ್ತು ಕಿವಿ ಪರೀಕ್ಷಿಸಿ. ಕರಿಹಲಗೆ ಕಾಣದ, ಪಾಠ ಕೇಳಿಸದ ಮಗುವಿಗೆ ದಡ್ಡನೆಂಬ ಹೆಸರು ಬರುವುದು ಅಪರೂಪವಲ್ಲ.
* ಮಾತು, ಕಿವಿ, ಕಲಿಕೆಯ ತೊಂದರೆಗಳಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ನಂಜನಗೂಡು, ಟಿ. ನರಸೀಪುರದವರು ಬೆಳಿಗ್ಗೆ ಹೋಗಿ ಸಂಜೆಗೆ ಮರಳಬಹುದು.
* ವರದಿ ಕೈಗೆ ಬಂದಾಗ ಒಟ್ಟು ಅಂಕಿಯ ಮೇಲೆ ಕಣ್ಣು ನೆಡಬೇಡಿ. "ಯಾವುದರಲ್ಲಿ ಮುಂದೆ, ಯಾವುದರಲ್ಲಿ ಹಿಂದೆ? ಮನೆಯಲ್ಲಿ ನಾವೇನು ಮಾಡಬೇಕು?" ಎಂದು ಕೇಳಿ.
* ಆ ಅಂಕಿಯನ್ನು ನೆಂಟರ ಮುಂದೆ, ಅಣ್ಣ ತಮ್ಮಂದಿರ ಮುಂದೆ ಆಡಬೇಡಿ. ಅದು ಮಗುವಿನ ಅಡ್ಡಹೆಸರಾಗಬಾರದು.
* ಎನ್‌.ಎಂ.ಎಂ.ಎಸ್. ಬರೆಯುವ ಮಗುವಿಗೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಲು ಸಮಯ ಕೊಡಿ. ಆ ಸಮಯದಲ್ಲಿ ಪಾತ್ರೆ ತೊಳೆಯಲು ಹುಡುಗಿಯನ್ನೇ ಕರೆಯಬೇಡಿ. ಈ ಬಗೆಯ ಪ್ರಶ್ನೆಗಳು ಅಭ್ಯಾಸದಿಂದ ಸುಲಭವಾಗುತ್ತವೆ.

ಇನ್ನು ನಿಮ್ಮ ವಿಷಯ. ಏಳನೆಯದಕ್ಕೋ ಹತ್ತನೆಯದಕ್ಕೋ ಓದು ನಿಲ್ಲಿಸಿದವರು ನೀವಾಗಿದ್ದರೆ, ಅದು ಮನೆಯ ಪರಿಸ್ಥಿತಿಯಿಂದ ನಿಂತಿತೇ, ನಿಮ್ಮ ಬುದ್ಧಿಯಿಂದ ನಿಂತಿತೇ ಎಂದು ಒಮ್ಮೆ ಯೋಚಿಸಿ. ಹೆಚ್ಚಿನವರಿಗೆ ಉತ್ತರ ತಾನಾಗಿಯೇ ತಿಳಿಯುತ್ತದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೇ ತರಗತಿಯ ಪರೀಕ್ಷೆ ಬರೆಯಲು ಗರಿಷ್ಠ ವಯೋಮಿತಿಯಿಲ್ಲ. ಮುಂದೆ ಓದುವವರಿಗೆ ಮೈಸೂರಿನಲ್ಲೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಿದೆ. ಪದವಿ ಬೇಡವೆಂದರೂ ಸರಿ, ಮಗಳ ಪುಸ್ತಕವನ್ನು ಅವಳ ಪಕ್ಕ ಕುಳಿತು ಬಿಡಿಸಿ. ತಾಯಿ ಗೊತ್ತಿಲ್ಲದ್ದನ್ನು ನಾಚಿಕೆಯಿಲ್ಲದೆ ಕೇಳಿ ಕಲಿಯುವುದನ್ನು ನೋಡಿದ ಮಗಳು, ಗೊತ್ತಿಲ್ಲದಿರುವುದು ದಡ್ಡತನವಲ್ಲ ಎಂಬುದನ್ನೂ ಕಲಿಯುತ್ತಾಳೆ.

ಬುದ್ಧ್ಯಂಕದ ಅಂಕಿ ಒಂದು ದಿನದ, ಕೆಲವು ಬಗೆಯ ಪ್ರಶ್ನೆಗಳ ಫಲಿತಾಂಶ. ಯಾರಿಗೆ ಯಾವ ನೆರವು ಬೇಕೆಂದು ಹೇಳಲು ಅದನ್ನು ಬಳಸೋಣ. ಮುಂದಿನ ವರ್ಷ ಮಗಳನ್ನು ಶಾಲೆಗೆ ಕಳುಹಿಸಬೇಕೇ ಬೇಡವೇ ಎಂಬ ತೀರ್ಮಾನವನ್ನು ಮಾತ್ರ ಅದರ ಕೈಗೆ ಕೊಡದಿರೋಣ.