ಮರದ ಪ್ರೊಪೆಲ್ಲರು ಮತ್ತು ಮಳೆಗಾಲ

ಕಾಸರಗೋಡಿನ ಮಳೆಗಾಲದಲ್ಲಿ ಶಾಲೆಯ ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಲುಕುವುದನ್ನು ಮಕ್ಕಳು ಕಂಡಿರುತ್ತಾರೆ. ಘರ್ಷಣೆಯ ಪಾಠವನ್ನು ಅಲ್ಲಿಂದ ವಿಮಾನದವರೆಗೆ ಒಯ್ಯಬಹುದು.

ಹವ್ಯಾಸಿಗಳು ತಾವೇ ಕಟ್ಟಿಕೊಳ್ಳುವ ಕಿರುವಿಮಾನಗಳಿಗೆ ಇಂದಿಗೂ ಮರದ ಪ್ರೊಪೆಲ್ಲರನ್ನು ಆರಿಸುವುದುಂಟು: ಅದು ಹಗುರ, ಎಂಜಿನ್ನಿನ ಕಂಪನವನ್ನೂ ಚೆನ್ನಾಗಿ ತಾಳುತ್ತದೆ. ಬೋಲ್ಟುಗಳು ಅದನ್ನು ಎಂಜಿನ್ನಿನ ಲೋಹದ ತಟ್ಟೆಗೆ ಒತ್ತಿ ಹಿಡಿಯುತ್ತವೆ. ತಿರುಗುಬಲವನ್ನು ಮುಖ್ಯವಾಗಿ ಸಾಗಿಸುವುದು ಬೋಲ್ಟಲ್ಲ, ಆ ಒತ್ತಡದಿಂದ ಹುಟ್ಟುವ ಘರ್ಷಣೆ. ಒಣಹವೆಯಲ್ಲಿ ಮರ ಕುಗ್ಗಿದರೆ ಹಿಡಿತ ಸಡಿಲುತ್ತದೆ. ಮರ ತಟ್ಟೆಗೆ ಉಜ್ಜಿ ಕರಕಲಾಗುತ್ತದೆ, ಕಡೆಗೆ ಹಾರಾಟದಲ್ಲೇ ಪ್ರೊಪೆಲ್ಲರು ಕಳಚಬಹುದು. ಆದುದರಿಂದ ಋತು ಬದಲಾದಾಗಲೆಲ್ಲ ತಯಾರಕರು ಸೂಚಿಸಿದ ಬಿಗಿತಕ್ಕೆ ಬೋಲ್ಟುಗಳನ್ನು ಪರೀಕ್ಷಿಸತಕ್ಕದ್ದು. ಅತಿಯಾಗಿ ಬಿಗಿದರೆ ಮರವೇ ನುಜ್ಜಾಗುತ್ತದೆ. ನಿಲ್ಲಿಸಿದ ವಿಮಾನದ ಪ್ರೊಪೆಲ್ಲರು ಅಡ್ಡಲಾಗಿರಬೇಕು. ನೆಟ್ಟಗಿದ್ದರೆ ತೇವ ಕೆಳಗಿನ ಅಲಗಿನಲ್ಲಿ ಸೇರಿ ಸಮತೂಕ ಕೆಡುತ್ತದೆ.