ನೋಯದ ಗಂಟು

ಹರಪನಹಳ್ಳಿ ಬಸ್ ಸ್ಟ್ಯಾಂಡಲ್ಲಿ ಮಂಡಕ್ಕಿ-ಮಿರ್ಚಿ ತಿಂತಾ ಕುತ್ತಿಗೆ ಸವರ್ಕೊಂಡ್ರಿ ಅಂದ್ಕೊಳ್ಳಿ. ಕೈಗೆ ಅಡಿಕೆ ಗಾತ್ರದ ಗಂಟು. ನೋವಿಲ್ಲ. ನೋವಿಲ್ಲ ಅಂತಲೇ ಮೂರು ತಿಂಗಳು ಸುಮ್ಮನಿರ್ತೀವಿ. ಎಡವೋದೇ ಅಲ್ಲಿ.

ಹೆಚ್ಚಿನವು ಸೋಂಕಿನ ಗಂಟು, ಕೆಲವು ಟಿಬಿ. ಆದರೆ ಎರಡು-ಮೂರು ವಾರವಾದರೂ ಕರಗದಿದ್ದರೆ, ರಾತ್ರಿ ಹಾಸಿಗೆ ಒದ್ದೆಯಾಗೋಷ್ಟು ಬೆವರಿದರೆ, ಸುಮ್ಮಸುಮ್ಮನೆ ಮೈ ಇಳಿದರೆ ಡಾಕ್ಟರಿಗೆ ತೋರಿಸಿ. ಲಿಂಫೋಮಾ, ಅಂದರೆ ದುಗ್ಧರಸ ಗ್ರಂಥಿಯ ಕ್ಯಾನ್ಸರ್ ಅನ್ನೋ ಅನುಮಾನ ಬಂದರೆ ಬರೀ ಸೂಜಿ ಪರೀಕ್ಷೆ ಸಾಲದು. ಗಂಟನ್ನೇ ತೆಗೆದು ಬಯಾಪ್ಸಿ ಮಾಡೋದು ಮೇಲು.

ಲಿಂಫೋಮಾ ಅಂತ ಖಚಿತವಾಗಿ ಕಿಮೊ ಶುರುವಾದರೆ, ಅದರ ಔಷಧಗಳಲ್ಲಿ ಒಂದು ದಾಳಿಂಬೆ ರಸದಂಗೆ ಕೆಂಪು. ಟ್ಯೂಬಲ್ಲಿ ಇಳಿಯೋದನ್ನ ನೋಡ್ತಾ ಕೂತ್ಕೋಬೇಕು. ಆಮೇಲೆ ಮೂತ್ರವೂ ಕೆಂಪು. ರಕ್ತ ಅಲ್ಲ, ಔಷಧದ ಬಣ್ಣ. ಹೆದರಬೇಕಾದ್ದು ಬೇರೆ: ಕಿಮೊದಿಂದ ಬಿಳಿ ರಕ್ತಕಣ ಕುಸಿದ ದಿನಗಳಲ್ಲಿ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮಾತ್ರೆ ನುಂಗಿ ಬೆಳಗಾಗಲಿ ಅನ್ಬೇಡಿ. ರಾತ್ರೋರಾತ್ರಿ ಆಸ್ಪತ್ರೆಗೆ ಹೊರಡಿ.

ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ 1973ರಿಂದ ಇದೆ. ದಾವಣಗೆರೆಯಿಂದ ರೈಲು ಹಿಡಿಯೋರು ಡಾಕ್ಟರಿಂದ ರಿಯಾಯಿತಿ ಪತ್ರ ಬರೆಸಿಕೊಳ್ಳಿ. ಚಿಕಿತ್ಸೆಗೆ ಹೋಗೋ ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲಿ ಟಿಕೆಟ್ ದುಡ್ಡಿಲ್ಲ.

ಕೂದಲಾ? ಉದುರುತ್ತೆ, ಮತ್ತೆ ಬರುತ್ತೆ. ಅಲ್ಲೀತನಕ ತಲೆಗೆ ಟವೆಲ್ ಸುತ್ಕೊಳ್ಳಿ. ಈ ಬಿಸಿಲಲ್ಲಿ ನಮ್ಮೂರಲ್ಲಿ ಯಾರು ಸುತ್ಕೊಂಡಿರಲ್ಲ ಹೇಳಿ!