ಸೊಂಟದ ಕೀಲೂ ಸನ್ನೆಯ ನಿಯಮವೂ

ಒಂದೇ ಕಾಲಿನ ಮೇಲೆ ನಿಂತಾಗ ಆ ಪಕ್ಕದ ಸೊಂಟದ ಕೀಲು ಎಷ್ಟು ಭಾರವನ್ನು ಹೊರುತ್ತದೆ? ದೇಹದ ತೂಕದಷ್ಟು ಎಂದು ಅನೇಕರು ಹೇಳಿಯಾರು. ಸನ್ನೆಯ ನಿಯಮ ಬೇರೆಯೇ ಉತ್ತರ ಕೊಡುತ್ತದೆ. 60 ಕಿಲೋಗ್ರಾಂ ತೂಕದ ವ್ಯಕ್ತಿಯಲ್ಲಿ ನೆಲವೂರಿದ ಕಾಲನ್ನು ಬಿಟ್ಟರೆ ಉಳಿದ ದೇಹ ಸುಮಾರು 50 ಕಿಲೋಗ್ರಾಂ. ಅದು ಕೀಲಿನ ಒಳಪಕ್ಕಕ್ಕೆ ವಾಲುತ್ತದೆ. ಹೊರಪಕ್ಕದ ಸ್ನಾಯುಗಳು ಎಳೆದು ಸಮತೋಲವನ್ನು ಕಾಯುತ್ತವೆ. ಕೀಲಿನಿಂದ ಸ್ನಾಯುವಿಗಿರುವ ದೂರಕ್ಕಿಂತ ಭಾರಕ್ಕಿರುವ ದೂರ ಎರಡು ಪಟ್ಟು ಎಂದು ಭಾವಿಸಿದರೆ, ಸ್ನಾಯುಗಳ ಎಳೆತ 100 ಕಿಲೋಗ್ರಾಂ ಭಾರಕ್ಕೆ ಸಮನಾಗಬೇಕು. ನಡುವಣ ಆಧಾರವಾದ ಕೀಲಿನ ಮೇಲೆ ಎರಡೂ ಸೇರಿ 150 ಕಿಲೋಗ್ರಾಂ ಬೀಳುತ್ತದೆ!

ತೊಡೆಯೆಲುಬಿನ ಗುಂಡಾದ ತಲೆ ಸೊಂಟದ ಎಲುಬಿನ ಬಟ್ಟಲಿನಲ್ಲಿ ಕುಳಿತಿರುವುದರಿಂದ ಈ ಭಾರ ವಿಶಾಲವಾದ ಮೇಲ್ಮೈಗೆ ಹಂಚಿಹೋಗುತ್ತದೆ. ಕೆಲವರಲ್ಲಿ ಈ ಬಟ್ಟಲು ಆಳವಾಗಿ ಬೆಳೆಯದೆ ಓರೆಯಾಗಿ ಉಳಿಯುತ್ತದೆ. ಹುಡುಗಿಯರಲ್ಲಿ ಈ ದೋಷ ಹೆಚ್ಚು. ಭಾರ ಹೊರುವ ಮೇಲ್ಮೈ ಅರ್ಧವಾದರೆ ಒತ್ತಡ ಇಮ್ಮಡಿಯಾಗುವುದಷ್ಟೆ? ಆ ಒತ್ತಡಕ್ಕೆ ಬಟ್ಟಲಿನ ಅಂಚಿನ ಮೃದ್ವಸ್ಥಿ ಸವೆಯತೊಡಗುತ್ತದೆ. ರಕ್ತನಾಳಗಳಿಲ್ಲದ ಮೃದ್ವಸ್ಥಿ ಸವೆದ ಮೇಲೆ ಮತ್ತೆ ಮೊದಲಿನಂತೆ ಬೆಳೆಯಲಾರದು.

ದೋಷವನ್ನು ಅಳೆಯುವ ಬಗೆಯನ್ನು ಸ್ವೀಡನ್ನಿನ ವೈದ್ಯ ವಿಬರ್ಗ್ 1939ರಲ್ಲಿ ತೋರಿಸಿದರು. ಕ್ಷ-ಕಿರಣ ಚಿತ್ರದಲ್ಲಿ ತೊಡೆಯೆಲುಬಿನ ತಲೆಯ ಕೇಂದ್ರದಿಂದ ನೇರ ಮೇಲಕ್ಕೊಂದು ಗೆರೆ, ಬಟ್ಟಲಿನ ಹೊರ ಅಂಚಿಗೊಂದು ಗೆರೆ ಎಳೆಯಬೇಕು. ಅವುಗಳ ನಡುವಣ ಕೋನ 25 ಡಿಗ್ರಿಗಿಂತ ಹೆಚ್ಚಿದ್ದರೆ ಕ್ಷೇಮ. 20ಕ್ಕಿಂತ ಕಡಿಮೆಯಾದರೆ ಬಟ್ಟಲಿನ ಹೊದಿಕೆ ಸಾಲದು.

ಹಾಗಾದರೆ ಪರಿಹಾರವೇನು? ಬಟ್ಟಲನ್ನೇ ತಿರುಗಿಸುವುದು! ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ರೈನ್‌ಹೋಲ್ಡ್ ಗಾಂಟ್ಸ್ ಮತ್ತು ಸಂಗಡಿಗರು 1984ರಲ್ಲಿ ಈ ಶಸ್ತ್ರಚಿಕಿತ್ಸೆಯನ್ನು ಆರಂಭಿಸಿದರು. ಬಟ್ಟಲಿನ ಸುತ್ತಲೂ ಎಲುಬನ್ನು ಕತ್ತರಿಸಿ ಅದನ್ನು ಬಿಡಿಸಿ, ತಲೆಯನ್ನು ಚೆನ್ನಾಗಿ ಮುಚ್ಚುವಂತೆ ಓರೆಯನ್ನು ತಿದ್ದಿ, ತಿರುಪುಮೊಳೆಗಳಿಂದ ಬಿಗಿಯುತ್ತಾರೆ. ಹಿಂಬದಿಯ ಎಲುಬಿನ ಕಂಬವನ್ನು ಕತ್ತರಿಸದೆ ಉಳಿಸುವುದರಿಂದ ಸೊಂಟದ ಬಳೆ ಮುರಿಯುವುದಿಲ್ಲ. ಅತಿಯಾಗಿ ತಿರುಗಿಸುವಂತೆಯೂ ಇಲ್ಲ. ಹಾಗಾದರೆ ಕಾಲು ಮಡಿಸಿದಾಗ ತೊಡೆಯೆಲುಬಿನ ಕತ್ತು ಬಟ್ಟಲಿನ ಅಂಚಿಗೆ ತಾಗುತ್ತದೆ. ಎಲುಬು ಕೂಡುವವರೆಗೆ ಹಲವು ವಾರ ಊರುಗೋಲು ಅನಿವಾರ್ಯ. ರಕ್ತಸ್ರಾವ, ನರಗಳಿಗೆ ಪೆಟ್ಟು ಮುಂತಾದ ಅಪಾಯಗಳೂ ಉಂಟು.

ಇಲ್ಲಿ ಕಾಲವೇ ಮುಖ್ಯ. ಬಟ್ಟಲಿನ ತಳದಲ್ಲಿ ಮೂರು ಎಲುಬುಗಳು ಸೇರುವೆಡೆಯ ಬೆಳವಣಿಗೆಯ ಮೃದ್ವಸ್ಥಿ ಹದಿಹರೆಯದಲ್ಲಿ ಎಲುಬಾಗಿ ಮಾರ್ಪಡುತ್ತದೆ. ಅದಕ್ಕೆ ಮೊದಲು ಈ ಚಿಕಿತ್ಸೆ ಮಾಡಿದರೆ ಬಟ್ಟಲಿನ ಬೆಳವಣಿಗೆಗೆ ಧಕ್ಕೆ. ಕೀಲು ಪೂರ್ತಿ ಸವೆದ ಮೇಲೆ ಮಾಡಿದರೆ ಫಲವಿಲ್ಲ, ಆಗ ಕೃತಕ ಕೀಲೇ ಗತಿ. ಬರ್ನ್‌ನ ಮೊದಲ ರೋಗಿಗಳನ್ನು 20 ವರ್ಷಗಳ ಬಳಿಕ ಪರೀಕ್ಷಿಸಿದಾಗ ಶೇಕಡಾ 60ರಷ್ಟು ಕೀಲುಗಳು ಉಳಿದಿದ್ದವು. 30 ವರ್ಷಗಳ ಬಳಿಕ, ಸವೆತ ಹೆಚ್ಚದೆ ಚೆನ್ನಾಗಿ ಉಳಿದ ಕೀಲುಗಳ ಪ್ರಮಾಣ ಶೇಕಡಾ 29ರಷ್ಟಿತ್ತು. ಶಸ್ತ್ರಚಿಕಿತ್ಸೆಗೆ ಮೊದಲೇ ಹೆಚ್ಚು ಸವೆದಿದ್ದ ಕೀಲುಗಳು ಬೇಗ ಸೋತವು.

ಆದುದರಿಂದ ಹದಿಹರೆಯದವರಿಗೆ ನಡೆದಾಗಲೋ ಆಡಿದಾಗಲೋ ತೊಡೆಸಂದಿನಲ್ಲಿ ಮತ್ತೆ ಮತ್ತೆ ನೋವು ಬರುತ್ತಿದ್ದರೆ, ಬೆಳೆಯುವ ವಯಸ್ಸಿನ ನೋವೆಂದು ಅದನ್ನು ತಳ್ಳಿಹಾಕಬಾರದು. ಒಂದು ಕ್ಷ-ಕಿರಣ ಚಿತ್ರ, ಅದರ ಮೇಲೆ ಎರಡು ಗೆರೆ. ಇಷ್ಟರಿಂದಲೇ ಬಟ್ಟಲಿನ ದೋಷ ಬಹುಮಟ್ಟಿಗೆ ತಿಳಿದೀತು. ಮೃದ್ವಸ್ಥಿ ಉಳಿದಿರುವಾಗಲೇ ಆ ಗೆರೆಗಳನ್ನು ಎಳೆಯಬೇಕು.